ಕರಡಿ ಮೀನು ಹಿಡಿದ ಮಧ್ಯಾಹ್ನ

ನಾವು ದೋಹಾದಿಂದ ಹೊರಟದ್ದು ಜುಲೈ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಎಂಟಕ್ಕೇ ಕಾರಿನಿಂದ ಇಳಿದರೆ ಕನ್ನಡಕದ ಮೇಲೆ ಹಬೆ ಕೂರುವಷ್ಟು ಸೆಖೆ. ವಿಮಾನ ನಿಲ್ದಾಣಕ್ಕೆ ನಮ್ಮನ್ನು ಬಿಡಲು ಬಂದವರು ಮೊಯ್ದೀನ್ ಸಾಹೇಬರು. ನನ್ನ ಜೊತೆ ಹೊರಟಿದ್ದ ಇಬ್ರಾಹಿಂ ಅವರ ತಮ್ಮ. ಇಬ್ಬರ ನಡುವೆ ಹದಿನಾರು ವರ್ಷದ ಅಂತರ. ತಂದೆ ಬೇಗ ತೀರಿಹೋದದ್ದರಿಂದ ತಮ್ಮನನ್ನು ಓದಿಸಿದ್ದು, ಉಳ್ಳಾಲದಿಂದ ಕತಾರಿಗೆ ಕರೆಸಿಕೊಂಡದ್ದು, ಮದುವೆ ಮಾಡಿದ್ದು ಎಲ್ಲಾ ಅಣ್ಣನೇ.

ದೋಹಾದ ಮುಶೈರಿಬ್‌ನಲ್ಲಿ ಅವರದ್ದೊಂದು ಫೋಟೋ ಸ್ಟುಡಿಯೋ ಇತ್ತು. ಇಬ್ರಾಹಿಂ ಫೋಟೋ ತೆಗೆಯುವವರು, ಮೊಯ್ದೀನ್ ಸಾಹೇಬರು ಅದನ್ನು ತಿದ್ದುವವರು. ಶುಕ್ರವಾರ ಇಂಡಸ್ಟ್ರಿಯಲ್ ಏರಿಯಾದ ಕೆಲಸಗಾರರು ಕಂಪನಿ ಬಸ್ಸಿನಲ್ಲಿ ಬಂದು ಊರಿಗೆ ಕಳಿಸಲು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾಹೇಬರು ಆ ನೆಗೆಟಿವ್‌ಗಳನ್ನು ದೀಪದ ಮುಂದೆ ಹಿಡಿದು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್‌ನಿಂದ ಅವರ ಕಣ್ಣಿನ ಕೆಳಗಿನ ಕಪ್ಪನ್ನು ತೆಗೆಯುತ್ತಿದ್ದರು; ನೆಗೆಟಿವ್‌ನಲ್ಲಿ ಕಪ್ಪಾದದ್ದು ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಮನೆಯಲ್ಲಿ ನೋಡಿದವರಿಗೆ ಮಗ ಚೆನ್ನಾಗಿದ್ದಾನೆ ಎನ್ನಿಸಬೇಕಲ್ಲ ಎಂದು ಒಮ್ಮೆ ನನಗೆ ಹೇಳಿದ್ದರು.

ನಾನು ಮೈಸೂರಿನವನು. ವೆಸ್ಟ್ ಬೇಯಲ್ಲಿ ಕಟ್ಟಡಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ ಅಲ್ಲಿನ ಒಂದು ಕಚೇರಿಯಲ್ಲಿ ಇಂಜಿನಿಯರ್ ಆಗಿದ್ದೆ. ವೀಸಾ ಫೋಟೋಗೆಂದು ಅವರ ಸ್ಟುಡಿಯೋಗೆ ಹೋದವನು ಕನ್ನಡದ ಮಾತಿಗೆ ಸಿಕ್ಕಿ ಸ್ನೇಹಿತನಾಗಿ ಉಳಿದೆ. ದುಖಾನ್‌ನ ತೈಲ ಬಾವಿಗಳಲ್ಲಿದ್ದ ಒಬ್ಬ ಅಮೆರಿಕದ ಗಿರಾಕಿ ಯಾವಾಗಲೋ ಅಲಾಸ್ಕಾದಲ್ಲಿ ತೆಗೆದ ಕರಡಿಗಳ ಫಿಲ್ಮನ್ನು ಇವರಲ್ಲಿ ತೊಳೆಸಿದ್ದನಂತೆ. ಜಲಪಾತದಲ್ಲಿ ನಿಂತು ಮೀನು ಹಿಡಿಯುವ ಕರಡಿಗಳು. ಅಂದಿನಿಂದ ಇಬ್ರಾಹಿಂಗೆ ಅದೊಂದೇ ಹುಚ್ಚು. ನನ್ನ ಕಚೇರಿ ನನ್ನನ್ನು ಎರಡು ವಾರದ ತರಬೇತಿಗೆ ಅಲಾಸ್ಕಾದ ಆಂಕರೇಜ್ ನಗರಕ್ಕೆ ಕಳಿಸುತ್ತದೆ ಎಂದು ಗೊತ್ತಾದಾಗ, ತರಬೇತಿಗೆ ಒಂದು ವಾರ ಮೊದಲೇ ಹೊರಡೋಣ, ನೀವೂ ಬನ್ನಿ ಎಂದೆ.

ಅವರು ಮೊದಲು ಹಿಂಜರಿದರು. ಆ ಚಳಿಗಾಲದಲ್ಲಿ ಅಣ್ಣ ಎದೆನೋವೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಆದರೆ ಅಣ್ಣನೇ ಪಟ್ಟು ಹಿಡಿದು ಹೊರಡಿಸಿದರು. ಕಪ್ಪು ಬಿಳುಪು ಫಿಲ್ಮನ್ನೇ ತೆಗೆದುಕೊಂಡು ಹೋಗು, ಕಲರಿನಲ್ಲಿ ನನ್ನ ಕೈ ಆಡುವುದಿಲ್ಲ ಎಂದು ಇಪ್ಪತ್ತು ರೋಲು ತಾವೇ ಚೀಲಕ್ಕೆ ತುಂಬಿದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ತಮ್ಮನಿಗೆ ಇಷ್ಟೇ ಹೇಳಿದರು: “ನೀನು ತೆಗೆದುಕೊಂಡು ಬಾ. ಸರಿ ಮಾಡುವುದು ನನಗಿರಲಿ.” ನನ್ನ ಕಡೆ ತಿರುಗಿ, ಕ್ಯಾಮೆರಾ ಕೈಯಲ್ಲಿದ್ದರೆ ಇವನಿಗೆ ಊಟದ ನೆನಪಿರುವುದಿಲ್ಲ, ಸ್ವಲ್ಪ ನೋಡಿಕೊಳ್ಳಿ ಎಂದರು.

ಲಂಡನ್, ಸಿಯಾಟಲ್ ದಾಟಿ ಆಂಕರೇಜ್ ತಲುಪುವಾಗ ನಮಗೆ ವಾರ, ಹೊತ್ತು ಎರಡೂ ತಪ್ಪಿಹೋಗಿತ್ತು. ಅಲ್ಲಿನ ಗಡಿಯಾರ ದೋಹಾಕ್ಕಿಂತ ಹನ್ನೊಂದು ಗಂಟೆ ಹಿಂದೆ. ಹೋಟೆಲಿನ ಕಿಟಕಿಯಲ್ಲಿ ರಾತ್ರಿ ಹತ್ತಕ್ಕೂ ಬಿಸಿಲು. ಮಗ್ರಿಬ್ ನಮಾಜಿಗೆ ಸೂರ್ಯ ಮುಳುಗಬೇಕು, ಇಲ್ಲಿ ಅವನು ಮುಳುಗುವ ಲಕ್ಷಣವೇ ಇಲ್ಲವಲ್ಲ ಎಂದು ಇಬ್ರಾಹಿಂ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಾದರು. ಕಾಯುತ್ತಾ ಅಲ್ಲೇ ನಿದ್ದೆ ಹೋದರು.

ಭಾನುವಾರ ಸಣ್ಣ ವಿಮಾನದಲ್ಲಿ ಒಂದು ಗಂಟೆ ಹಾರಿ ಕಿಂಗ್ ಸಾಮನ್ ಎಂಬ ಊರಿಗೆ ಬಂದೆವು. ಮೀನಿನ ಹೆಸರನ್ನೇ ಊರಿಗಿಟ್ಟಿದ್ದಾರೆ. ಅಲ್ಲಿಂದ ಮುಂದೆ ರಸ್ತೆಯಿಲ್ಲ. ನೀರಿನ ಮೇಲೆ ಇಳಿಯುವ, ಆರು ಜನ ಹಿಡಿಯುವ ವಿಮಾನದಲ್ಲಿ ಇಪ್ಪತ್ತು ನಿಮಿಷ ಹೋಗಬೇಕು. ಹತ್ತುವ ಮೊದಲು ಸಾಮಾನಿನ ಜೊತೆ ನಮ್ಮನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಇಬ್ರಾಹಿಂ ತಮ್ಮ ಕ್ಯಾಮೆರಾ ಚೀಲವನ್ನು ಎದೆಗೆ ಅವುಚಿಕೊಂಡೇ ನಿಂತರು. ಕೆಳಗೆ ಕಾಡು, ಕೆರೆ, ಹಿಮದ ಬೆಟ್ಟ. ಮರಳಿನ ಬಣ್ಣವೊಂದನ್ನೇ ನೋಡಿ ಅಭ್ಯಾಸವಾದ ನಮಗೆ ಅಷ್ಟು ಹಸಿರು ಕಣ್ಣಿಗೆ ಭಾರವೆನಿಸಿತು.

ಕೆರೆಯ ದಂಡೆಯಲ್ಲಿ ಮರದ ಗುಡಿಸಲುಗಳ ಒಂದು ವಸತಿ. ಇಳಿದ ಕೂಡಲೇ ಕಾಡಿನ ಕಾವಲಿನವಳೊಬ್ಬಳು ನಮ್ಮನ್ನು ಕೂರಿಸಿ ಪಾಠ ಮಾಡಿದಳು. ಕರಡಿ ಎದುರಾದರೆ ಓಡಬಾರದು. ಜೇಬಿನಲ್ಲಿ ತಿನ್ನುವ ವಸ್ತು ಇರಕೂಡದು. ದಾರಿಯಲ್ಲಿ ಗಟ್ಟಿಯಾಗಿ ಮಾತಾಡುತ್ತಲೇ ನಡೆಯಬೇಕು, ಸದ್ದು ಕೇಳಿದರೆ ಅವೇ ಸರಿಯುತ್ತವೆ. ಹೀಗಾಗಿ ಜಲಪಾತಕ್ಕೆ ಹೋಗುವ ಎರಡು ಕಿಲೋಮೀಟರ್ ಕಾಡುದಾರಿಯನ್ನು ನಾವು ಕನ್ನಡದಲ್ಲಿ ಕೂಗುತ್ತಾ ನಡೆದೆವು. ಇಬ್ರಾಹಿಂ ಮುಂದೆ, “ಯಲ್ಲಾ ಯಲ್ಲಾ, ದಾರಿ ಬಿಡಿ, ಮಂಗಳೂರಿನವರು ಬಂದ್ರು” ಎನ್ನುತ್ತಾ. ಹಿಂದೆ ಬರುತ್ತಿದ್ದ ಜರ್ಮನ್ ದಂಪತಿಗೆ ಅದು ಯಾವುದೋ ಪ್ರಾರ್ಥನೆ ಎನಿಸಿರಬೇಕು, ಮೌನವಾಗಿ ಅನುಸರಿಸಿದರು.

ಜಲಪಾತ ಎಂದರೆ ದೊಡ್ಡದೇನಲ್ಲ, ಒಂದಾಳೆತ್ತರ. ಅದರ ಪಕ್ಕದಲ್ಲಿ ಮರದ ಅಟ್ಟಣೆ, ಅಲ್ಲಿ ನಿಂತು ನೋಡಬೇಕು. ಸಮುದ್ರದಿಂದ ಬಂದ ಸಾಮನ್ ಮೀನುಗಳು ನೀರಿಗೆದುರಾಗಿ ಹಾರುತ್ತವೆ, ಬೀಳುತ್ತವೆ, ಮತ್ತೆ ಹಾರುತ್ತವೆ. ಜಲಪಾತದ ನೆತ್ತಿಯಲ್ಲೇ ನಿಂತ ಕರಡಿ ಬಾಯಿ ತೆರೆದು ಕಾಯುತ್ತದೆ. ಕೆಳಗೆ ನೊರೆಯಲ್ಲಿ ಎದೆಮಟ್ಟ ಮುಳುಗಿ ಕೂತವು ಬೇರೆ. ಒಳ್ಳೆಯ ಜಾಗವೆಲ್ಲ ದೊಡ್ಡ ಗಂಡುಗಳದ್ದು. ಅವುಗಳ ನಡುವೆ ಕಿವಿ ಹರಿದ, ಸೊಂಟದ ಎಲುಬು ಎದ್ದ ಒಂದು ಮುದಿ ಕರಡಿಯಿತ್ತು. ಅದು ಹತ್ತಿರ ಬಂದರೆ ಉಳಿದವು ಗುರುಗುಟ್ಟಿ ಓಡಿಸುತ್ತಿದ್ದವು. ಅದು ಹೋಗಿ ಕೆಳಗೆ ತಿಳಿನೀರಿನಲ್ಲಿ ನಿಂತು, ಕತ್ತನ್ನು ನೀರೊಳಗೆ ಮುಳುಗಿಸಿ ಮುಳುಗಿಸಿ ಬರಿಬಾಯಲ್ಲಿ ಏಳುತ್ತಿತ್ತು. ಇಬ್ರಾಹಿಂ ಅದಕ್ಕೆ ಅಜ್ಜ ಎಂದು ಹೆಸರಿಟ್ಟರು.

ಸೋಮವಾರವಿಡೀ ತುಂತುರು ಮಳೆ. ಇಬ್ರಾಹಿಂ ಬೆಳಿಗ್ಗೆಯಿಂದ ಸಂಜೆಯವರೆಗೆ ಅಟ್ಟಣೆಯ ಮೇಲೆ ನಿಂತರು. ನೀರು ಹಾಲಿನಂತೆ ಬಿಳಿ, ಕರಡಿ ಒದ್ದೆಯಾದ ಕಂಬಳಿಯಂತೆ ಕಪ್ಪು. ನೀರಿಗೆ ಬೆಳಕು ಸರಿಮಾಡಿದರೆ ಕರಡಿಯ ಮುಖ ಬರಿಯ ಮಸಿ, ಕರಡಿಗೆ ಸರಿಮಾಡಿದರೆ ನೀರು ಖಾಲಿ ಕಾಗದ. ಚಿತ್ರದಲ್ಲಿ ಕಣ್ಣು ಕಾಣದಿದ್ದರೆ ಅಣ್ಣ ಅದನ್ನು ಫೋಟೋ ಎಂದೇ ಒಪ್ಪುವುದಿಲ್ಲ ಎಂದು ಚಿಂತೆ ಮಾಡಿದರು. ಮರುಕ್ಷಣ ಅವರೇ, ಇರಲಿ, ಅಣ್ಣ ಸರಿ ಮಾಡಿಯಾರು ಎಂದು ಮತ್ತೆ ಕ್ಯಾಮೆರಾಗೆ ಕಣ್ಣು ಕೊಟ್ಟರು. ದಿನವಿಡೀ ಎಷ್ಟು ಸಲ ಆ ಮಾತು ಹೇಳಿದರೋ. ರಾತ್ರಿಯೂಟಕ್ಕೆ ವಸತಿಯಲ್ಲಿ ಸಾಮನ್ ಮೀನನ್ನೇ ಸುಟ್ಟು ಬಡಿಸಿದರು. ಹಲಾಲ್ ಮಾಂಸ ಸಿಗದ ಆ ಜಾಗದಲ್ಲಿ ಅವರಿಗೆ ಮೂರು ಹೊತ್ತೂ ಅದೇ ಗತಿ. ಸಸ್ಯಾಹಾರಿಯಾದ ನನಗೆ ಆಲೂಗಡ್ಡೆ ಮತ್ತು ಬ್ರೆಡ್. ನಾನೂ ಕರಡಿಯೂ ಒಂದೇ ಪಂಕ್ತಿ, ನೀವು ಮಾತ್ರ ಹೊರಗೆ ಎಂದು ನಕ್ಕರು.

ಮಂಗಳವಾರ ಬೆಳಿಗ್ಗೆ ಕೆರೆಯ ಮೇಲೆ ದಟ್ಟ ಮಂಜು. ಇಬ್ರಾಹಿಂ ಜರ್ಮನ್ ದಂಪತಿಯ ಜೊತೆ ಮೊದಲೇ ಹೊರಟುಹೋಗಿದ್ದರು. ಶೀತವಾಗಿದ್ದರಿಂದ ನಾನು ಕಾಫಿ ಕುಡಿಯುತ್ತಾ ಉಳಿದಿದ್ದೆ. ಹತ್ತೂವರೆಗೆ ಕಚೇರಿಯ ಹುಡುಗಿ ಒಂದು ಚೀಟಿ ತಂದು ಕೊಟ್ಟಳು. ಕಿಂಗ್ ಸಾಮನ್‌ನಿಂದ ರೇಡಿಯೋದಲ್ಲಿ ಓದಿ ಹೇಳಿದ್ದನ್ನು ಅವಳು ಬರೆದುಕೊಂಡಿದ್ದಳು. ನನ್ನ ಹೆಂಡತಿ ಸುಮಿತ್ರ ದೋಹಾದಿಂದ ಫೋನ್ ಮಾಡಿದ್ದಳು. ಮೊಯ್ದೀನ್ ಸಾಹೇಬರು ಮಂಗಳವಾರ ಮುಂಜಾನೆ ಹೃದಯಾಘಾತದಿಂದ ತೀರಿಕೊಂಡರು, ಮಧ್ಯಾಹ್ನವೇ ದಫನ್ ಆಯಿತು, ಇಬ್ರಾಹಿಮರಿಗೆ ತಿಳಿಸಿ.

ಅಲ್ಲಿಯ ಮಧ್ಯಾಹ್ನ ಎಂದರೆ ನಮಗೆ ಕಳೆದ ಇರುಳು. ನಾವು ಮಲಗಿದ್ದಾಗ ಅವರನ್ನು ಮಣ್ಣು ಮಾಡಿಯಾಗಿತ್ತು.

ಮೊದಲು ನಾನು ಕಚೇರಿಗೆ ಹೋಗಿ ವಿಮಾನದ ವಿಷಯ ಕೇಳಿದೆ. ಮಂಜು ಹರಿಯುವವರೆಗೆ ಯಾವ ವಿಮಾನವೂ ಬರುವುದಿಲ್ಲ, ಬಂದರೆ ಸಂಜೆ ಏಳರ ಹೊತ್ತಿಗೆ, ಅದರಲ್ಲಿ ಎರಡು ಸೀಟು ಇಡುತ್ತೇವೆ ಎಂದರು. ಆಮೇಲೆ ನಾನು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಜಲಪಾತದ ಕಡೆ ನಡೆದೆ. ಗಟ್ಟಿಯಾಗಿ ಮಾತಾಡಬೇಕೆಂಬ ನಿಯಮ ನೆನಪಿತ್ತು. ಹೇಳಬೇಕಾದ ಮಾತನ್ನೇ ನಾಲ್ಕಾರು ರೀತಿಯಲ್ಲಿ ಕೂಗಿ ಅಭ್ಯಾಸ ಮಾಡಿದೆ. ಯಾವುದೂ ಸರಿಯಾಗಿ ಕೇಳಿಸಲಿಲ್ಲ.

ಅಟ್ಟಣೆ ಹತ್ತಿದಾಗ ಇಬ್ರಾಹಿಂ ತಿರುಗಿಯೂ ನೋಡಲಿಲ್ಲ. ಕೈಯಾಡಿಸಿ, ಬನ್ನಿ ಬನ್ನಿ, ಇವತ್ತು ಅಜ್ಜ ಏನೋ ನಿರ್ಧಾರ ಮಾಡಿದ ಹಾಗಿದೆ ಎಂದರು. ಅವರ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯಬೇಕಿತ್ತು. ನಾನು ಲೆಕ್ಕ ಹಾಕಿದೆ. ವಿಮಾನ ಏಳಕ್ಕೆ. ಈಗ ಹೇಳಿದರೆ ಅವರು ಆ ಗುಡಿಸಲಿನಲ್ಲಿ ಎಂಟು ಗಂಟೆ ಗೋಡೆ ನೋಡುತ್ತಾ ಕೂರಬೇಕು. ದಫನ್ ಮುಗಿದಿದೆ, ಅವಸರ ಮಾಡಿದರೂ ಮುಖ ನೋಡಲು ಸಿಗುವುದಿಲ್ಲ. ಎಷ್ಟೋ ವರ್ಷದ ಆಸೆಯಿದು, ಇನ್ನೊಮ್ಮೆ ಇವರು ಇಲ್ಲಿಗೆ ಬರುವುದಿಲ್ಲ. ಸಂಜೆ ಹೇಳಿದರಾಯಿತು. ಆಗ ನನಗೆ ಅದು ಸರಿಯಾದ ಯೋಚನೆಯೆಂದೇ ಕಂಡಿತು. ಹೇಳಲು ಹೆದರಿದ್ದೂ ಅಷ್ಟೇ ನಿಜ.

ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಇಬ್ರಾಹಿಂ ಅಟ್ಟಣೆಯ ಹಿಂದಿನ ಮೂಲೆಯಲ್ಲಿ ತಮ್ಮ ಮಳೆಯಂಗಿ ಹಾಸಿ ನಮಾಜು ಮಾಡಿದರು. ಕ್ಯಾಮೆರಾ ನನ್ನ ಕೈಯಲ್ಲಿತ್ತು. ಮುಗಿದ ಮೇಲೂ ಬೊಗಸೆ ಎತ್ತಿ ತುಂಬ ಹೊತ್ತು ಕೂತಿದ್ದರು. ನಾನು ನದಿಯ ಕಡೆ ಮುಖ ಮಾಡಿ ನಿಂತೆ.

ಮುದಿ ಕರಡಿ ಮೀನು ಹಿಡಿದದ್ದು ಅದಾದ ಸ್ವಲ್ಪ ಹೊತ್ತಿಗೆ. ದೊಡ್ಡ ಗಂಡುಗಳೆರಡು ಜಗಳಕ್ಕೆ ಬಿದ್ದಿದ್ದವು. ಆ ಗಲಾಟೆಯಲ್ಲಿ ಅದು ಮೆಲ್ಲಗೆ ಬಂದು ನಮ್ಮ ಅಟ್ಟಣೆಯ ಕೆಳಗೇ ನಿಂತಿತು. ಕತ್ತು ಮುಳುಗಿಸಿತು. ಎಷ್ಟೋ ಹೊತ್ತು ಮೇಲೇಳಲೇ ಇಲ್ಲ. ಎದ್ದಾಗ ಬಾಯಲ್ಲಿ ಅಡ್ಡಲಾಗಿ ಒಂದು ದೊಡ್ಡ ಮೀನು, ಬಾಲ ಬಡಿಯುತ್ತಿದೆ, ಕರಡಿಯ ಹಣೆಯಿಂದ ನೀರು ಧಾರೆಧಾರೆಯಾಗಿ ಸುರಿಯುತ್ತಿದೆ. ಅದು ತಲೆಯೆತ್ತಿ ನೇರ ನಮ್ಮನ್ನೇ ನೋಡಿತು. ಶಟರ್ ಬಿದ್ದ ಸದ್ದು ಕೇಳಿದೆ. ಇಬ್ರಾಹಿಂ ಕ್ಯಾಮೆರಾ ಇಳಿಸಿ ಗಟ್ಟಿಯಾಗಿ ನಕ್ಕರು. ಅಟ್ಟಣೆಯ ಮೇಲಿದ್ದವರೆಲ್ಲ ನಕ್ಕರು. ಇಬ್ರಾಹಿಂ ನನ್ನನ್ನು ಅಪ್ಪಿಕೊಂಡರು. ನಮ್ಮಿಬ್ಬರ ಎದೆಯ ನಡುವೆ ಜೇಬಿನಲ್ಲಿ ಆ ಚೀಟಿ ಮುದುಡಿತು.

“ಇದನ್ನು ಅಣ್ಣನಿಗೆ ಮೊದಲು ತೋರಿಸುವುದು,” ಎಂದರು.

ಆರು ಗಂಟೆಗೆ ಮಂಜು ಸರಿಯಿತು. ವಸತಿಗೆ ಮರಳಿ ಬಂದು ಗುಡಿಸಲಿನ ಮೆಟ್ಟಿಲಲ್ಲಿ ಕೂತು ಅವರು ಬೂಟು ಬಿಚ್ಚುತ್ತಿದ್ದಾಗ ಹೇಳಿದೆ. ಸುದ್ದಿ ಯಾವಾಗ ಬಂತು ಎಂದು ಕೇಳಿದರು. ಈಗಷ್ಟೇ ಎಂದೆ. ಸುಳ್ಳು ಹೇಳಬೇಕೆಂದು ಯೋಚಿಸಿರಲಿಲ್ಲ, ತಾನಾಗಿ ಬಂತು. ಅವರು ಮೆಲುದನಿಯಲ್ಲಿ ಸಾವಿನ ಸುದ್ದಿ ಕೇಳಿದಾಗ ಹೇಳುವ ಅರಬಿ ಮಾತುಗಳನ್ನು ಹೇಳಿಕೊಂಡರು. ಒಂದು ಕಾಲಿಗೆ ಬೂಟು ಹಾಗೇ ಇತ್ತು.

“ದಫನ್?”

“ಆಯ್ತಂತೆ.”

“ಯಾರು ಮಣ್ಣು ಹಾಕಿದ್ದು?”

ಚೀಟಿಯಲ್ಲಿ ಅದು ಇರಲಿಲ್ಲ. ಅವರು ಬಿಚ್ಚಿದ್ದ ಬೂಟನ್ನು ಮತ್ತೆ ಹಾಕಿಕೊಂಡರು. ಕ್ಯಾಮೆರಾದ ಸ್ಟ್ಯಾಂಡನ್ನು ಒರೆಸಿ, ಒಂದೊಂದೇ ಕಾಲು ಮಡಚಿ, ಚೀಲಕ್ಕೆ ಹಾಕಿ, ಮತ್ತೆ ತೆಗೆದು ಒರೆಸಿದರು. ವಿಮಾನ ಬರುವವರೆಗೂ ಅದನ್ನೇ ಮಾಡುತ್ತಿದ್ದರು.

ಮರುದಿನ ಆಂಕರೇಜ್‌ನಲ್ಲಿ ಅವರನ್ನು ವಿಮಾನ ಹತ್ತಿಸಿದೆ. ನನಗೆ ಸೋಮವಾರದಿಂದ ತರಬೇತಿ. ಜೊತೆಗೆ ಬರುತ್ತೇನೆ ಎಂದದ್ದಕ್ಕೆ ಬೇಡ, ನಿಮ್ಮ ಕೆಲಸ ಕೆಡುತ್ತದೆ ಎಂದರು. ಕಡೆಯ ಗಳಿಗೆಯಲ್ಲಿ ಫಿಲ್ಮಿನ ಚೀಲವನ್ನು ನನ್ನ ಕೈಗಿಟ್ಟು, ನೀವೇ ತನ್ನಿ, ನನಗೆ ಈಗ ಇದನ್ನು ಹೊರುವುದಾಗುವುದಿಲ್ಲ ಎಂದು ಹೇಳಿ ಒಳಗೆ ಹೋದರು. ಎರಡು ವಾರ ನಾನು ಕೊಳವೆಗಳ ಒತ್ತಡ, ಉಷ್ಣತೆ ಎಂದು ಬರೆದುಕೊಳ್ಳುತ್ತಾ ಕೂತೆ. ಚೀಲ ಹೋಟೆಲಿನ ಕಪಾಟಿನಲ್ಲಿತ್ತು. ಒಂದು ದಿನವೂ ಅದನ್ನು ಮುಟ್ಟಲಿಲ್ಲ.

ಆಗಸ್ಟ್ ಆರಂಭದಲ್ಲಿ ದೋಹಾಕ್ಕೆ ಮರಳಿದೆ. ಸುಮಿತ್ರ ಈ ನಡುವೆ ಇಬ್ರಾಹಿಂ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದಿದ್ದಳು. ನಾನು ಮೊದಲು ಅಬು ಹಮೂರ್‌ನ ಖಬರಸ್ತಾನಕ್ಕೆ ಅವರ ಜೊತೆ ಹೋದೆ. ಒಂದೇ ತರದ ಮಣ್ಣಿನ ದಿಬ್ಬಗಳು, ಹೆಸರಿಲ್ಲ. ದಫನ್‌ಗೆ ಬಂದಿದ್ದ ನಮ್ಮ ಬಾವ ತೋರಿಸಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಯಾರದ್ದೋ ಮುಂದೆ ನಿಂತು ಬರುತ್ತಿದ್ದೆ ಎಂದರು. ಫಿಲ್ಮಿನ ಚೀಲ ಕೊಟ್ಟೆ. ಒಳಗಿಟ್ಟರು. ಒಂದು ತಿಂಗಳು ಅದರ ಮಾತೇ ಬರಲಿಲ್ಲ.

ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ ಅವರೇ ಫೋನ್ ಮಾಡಿ ಕರೆದರು. ರೋಲುಗಳನ್ನೆಲ್ಲ ತೊಳೆದಾಗಿತ್ತು. ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಇಬ್ಬರೂ ನಿಂತೆವು. ಬಹುಪಾಲು ಚಿತ್ರಗಳು ಹೆದರಿದಂತೆಯೇ ಆಗಿದ್ದವು. ಮಸಿಯ ಗುಡ್ಡೆಗಳಂಥ ಕರಡಿಗಳು. ಮುದಿ ಕರಡಿಯದ್ದು ಮಾತ್ರ ಅಲುಗದೆ ಬಂದಿತ್ತು. ಆದರೆ ಮುಖ ಕಪ್ಪು, ಒಂದು ಮೂಲೆಯಲ್ಲಿ ಯಾರದೋ ಕೊಡೆಯ ಅಂಚು.

ಅವರು ಕೊಡೆಯನ್ನು ಬಿಟ್ಟು ಉಳಿದದ್ದನ್ನು ದೊಡ್ಡದು ಮಾಡಿದರು. ತಂತಿಯ ತುದಿಗೆ ಅಂಟಿಸಿದ ಬೊಟ್ಟಿನಷ್ಟು ರಟ್ಟಿನ ಚೂರನ್ನು ಬೆಳಕಿಗೆ ಅಡ್ಡ ಹಿಡಿದು ಕರಡಿಯ ಮುಖದ ಮೇಲೆ ಆಡಿಸಿದರು. ಆ ಜಾಗಕ್ಕೆ ಬೆಳಕು ಕಡಿಮೆ ಬಿದ್ದರೆ ಕಾಗದದಲ್ಲಿ ಮುಖ ಅಷ್ಟು ತಿಳಿಯಾಗುತ್ತದೆ. ಮೊದಲ ಸಲ ರಟ್ಟು ಸಾಕಷ್ಟು ಆಡದೆ ಮುಖದ ಸುತ್ತ ಬೆಳ್ಳನೆ ಉಂಗುರ ಬಂತು. ಎರಡನೆಯದರಲ್ಲಿ ಮೀನು ಮಾಯವಾಯಿತು. ಮೂರನೆಯದನ್ನು ನೋಡಿ, ಇದನ್ನು ಅಣ್ಣ ಹರಿದು ಹಾಕುತ್ತಿದ್ದರು ಎಂದು ತಾವೇ ಹರಿದರು. ನೊರೆಯನ್ನು ಇನ್ನಷ್ಟು ಹೊತ್ತು ಬೆಳಕಿಗೆ ಬಿಟ್ಟು, ರಟ್ಟನ್ನು ಎತ್ತರದಲ್ಲಿ ಹಿಡಿದು, ಉಸಿರು ಕಟ್ಟಿ ಎಣಿಸಿದರು. ಐದನೆಯ ಕಾಗದವನ್ನು ತಟ್ಟೆಯಲ್ಲಿ ಮುಳುಗಿಸಿ ಅಲುಗಾಡಿಸುತ್ತಿರುವಾಗ ಮೊದಲು ಮೀನು ಮೂಡಿತು, ಆಮೇಲೆ ಹಣೆಯ ನೀರು, ಕೊನೆಗೆ ಕಣ್ಣುಗಳು.

ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಅವರು ತಟ್ಟೆಯಿಂದ ಮುಖವೆತ್ತದೆ ಕೇಳಿದರು.

“ಆ ಚೀಟಿ ನಿಮಗೆ ಎಷ್ಟು ಗಂಟೆಗೆ ಸಿಕ್ಕಿತು ಸಾರ್?”

“ಹತ್ತೂವರೆಗೆ. ಬೆಳಿಗ್ಗೆ.”

ಅವರು ತಲೆಯಾಡಿಸಿದರು. ಸುಮಿತ್ರ ಮನೆಗೆ ಬಂದಾಗ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ ಎಂದು ಮಾತಿನ ನಡುವೆ ಹೇಳಿದ್ದಳಂತೆ. ಅದರಿಂದ ಹನ್ನೊಂದು ಗಂಟೆ ಕಳೆದು ನೋಡಿದ್ದರು. ನಿಮ್ಮ ಬಾಯಿಂದಲೇ ಬರಲಿ ಎಂದು ಇಷ್ಟು ದಿನ ಕಾದೆ ಎಂದರು. ನಾನು ವಿಮಾನ ಇರಲಿಲ್ಲ ಎಂದೆ, ದಫನ್ ಮುಗಿದಿತ್ತು ಎಂದೆ, ಅಷ್ಟು ವರ್ಷದ ಆಸೆ ಎಂದೆ. ಹೇಳುತ್ತಾ ಹೋದಂತೆ ನನ್ನ ಮಾತು ನನಗೇ ಸಣ್ಣದಾಗಿ ಕೇಳಿತು. ಅವರು ಪೂರ್ತಿ ಕೇಳಿಸಿಕೊಂಡರು.

“ಕೆಟ್ಟದ್ದಕ್ಕೆ ಮಾಡಿದ್ದಲ್ಲ, ನನಗೆ ಗೊತ್ತುಂಟು,” ಎಂದರು. “ಆದರೆ ಮಧ್ಯಾಹ್ನ ನಾನು ನಮಾಜು ಮಾಡಿದೆನಲ್ಲ, ನೀವು ಅಲ್ಲೇ ನಿಂತಿದ್ರಿ. ಅಣ್ಣನ ಎದೆನೋವು ಗುಣ ಮಾಡು, ಆಯುಷ್ಯ ಕೊಡು ಅಂತ ಕೇಳಿದೆ. ತುಂಬ ಹೊತ್ತು ಕೇಳಿದೆ. ಸತ್ತವರಿಗೆ ಮಾಡುವ ದುವಾ ಬೇರೆ ಉಂಟು ಸಾರ್. ಮಣ್ಣಿಗೆ ಇಳಿಸಿದ ದಿನ ಅದು ಬೇಕು. ನನಗೆ ಗೊತ್ತಾಗುವಾಗ ದೋಹಾದಲ್ಲಿ ಆ ದಿನ ದಾಟಿತ್ತು. ಎಲ್ಲರೂ ಮಾಡಿದ್ದಾರೆ. ನಾನೊಬ್ಬ ಮಾಡಲಿಲ್ಲ.”

ನಾನು ತಪ್ಪಾಯಿತು ಎಂದೆನೋ, ಎನ್ನಲಿಲ್ಲವೋ, ಈಗ ನೆನಪಿಲ್ಲ. ಅವರು ಚಿಮಟದಿಂದ ಚಿತ್ರವನ್ನೆತ್ತಿ ಮುಂದಿನ ತಟ್ಟೆಗೆ ಹಾಕಿದರು, ಹೊತ್ತು ನೋಡಿ ತೊಳೆದರು, ಒಣಗಿಸಿದರು. ಅದರ ಮೇಲಿದ್ದ ಎರಡು ಬಿಳಿ ಚುಕ್ಕೆಗಳನ್ನು ಸಣ್ಣ ಕುಂಚದಿಂದ ಮುಚ್ಚಿದರು. ಕೆಲಸದಲ್ಲಿ ಒಂದಿಷ್ಟೂ ಅವಸರವಿರಲಿಲ್ಲ. ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟು, ಇದು ನಿಮ್ಮಲ್ಲಿರಲಿ, ಅಂಗಡಿಯಲ್ಲಿ ಹಾಕುವುದಿಲ್ಲ ಎಂದರು.

ಹೊರಗೆ ಬರುವಾಗ ಮಗ್ರಿಬ್ ಬಾಂಗ್ ಕೇಳುತ್ತಿತ್ತು. ಅವರು ಅಂಗಡಿಯ ಬಾಗಿಲೆಳೆದು ಬೀದಿ ದಾಟಿ ಮಸೀದಿಗೆ ಹೋದರು. ಬೇರೆ ದಿನವಾದರೆ ನಾನು ಟ್ಯಾಕ್ಸಿ ಹಿಡಿದು ಮನೆಗೆ ಹೋಗುತ್ತಿದ್ದೆ. ಆ ದಿನ ನಾನೂ ಬೀದಿ ದಾಟಿದೆ. ಚಪ್ಪಲಿಗಳ ಸಾಲಿನಿಂದ ಸ್ವಲ್ಪ ದೂರದಲ್ಲಿ ಲಕೋಟೆ ಹಿಡಿದು ನಿಂತೆ. ನಮಾಜು ಮುಗಿದು ಜನ ಗುಂಪುಗುಂಪಾಗಿ ಹೊರಬಂದರು, ಮಾತಾಡುತ್ತಾ ಚದುರಿದರು. ಬೀದಿ ದೀಪಗಳು ಹತ್ತಿದವು. ಮೆಟ್ಟಿಲ ಬಳಿ ಒಂದೇ ಜೊತೆ ಚಪ್ಪಲಿ ಉಳಿಯಿತು.

ತುಂಬ ಹೊತ್ತಿನ ಮೇಲೆ ಇಬ್ರಾಹಿಂ ಹೊರಗೆ ಬಂದರು. ನನ್ನನ್ನು ಕಂಡು ಒಂದು ಗಳಿಗೆ ನಿಂತರು.

“ಅಣ್ಣನದ್ದು ಸ್ವಲ್ಪ ಬಾಕಿ ಇತ್ತು,” ಎಂದರು.

ಚಪ್ಪಲಿ ಮೆಟ್ಟಿ ಕಾರಿನ ಕಡೆ ನಡೆದರು. ನಾನೂ ಅವರ ಹಿಂದೆ ನಡೆದೆ.